ಮೊಣಕಾಲಿನ ಲಿಗಮೆಂಟ್ ಹರಿದರೆ ಆಟ ಮುಗಿಯಿತೇ? ಆಶಿಕ್ ಕುರುಣಿಯನ್ ಮರಳಿ ಬಂದ ದಾರಿ ಮತ್ತು ನಮ್ಮ ಹುಡುಗರು ತಿಳಿದಿರಬೇಕಾದ ಲೆಕ್ಕ

2023ರ ಸೆಪ್ಟೆಂಬರ್ 7ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಕಿಂಗ್ಸ್ ಕಪ್ ಸೆಮಿಫೈನಲ್ ನಡೆಯಿತು. ಭಾರತ ಮತ್ತು ಇರಾಕ್ ಪಂದ್ಯ 2-2ರಲ್ಲಿ ಸಮವಾಗಿ, ಪೆನಾಲ್ಟಿಯಲ್ಲಿ ಭಾರತ 5-4ರಿಂದ ಸೋತಿತು. ಸೋಲು ಎರಡು ದಿನಕ್ಕೆ ಮರೆತು ಹೋಗುವಂಥದ್ದು. ಆದರೆ ಅದೇ ಪಂದ್ಯದಲ್ಲಿ ಇನ್ನೊಂದು ನಷ್ಟವೂ ಆಯಿತು. ಎಡ ಬದಿಯಲ್ಲಿ ಓಡುವ ಮಲಪ್ಪುರಂನ ಆಶಿಕ್ ಕುರುಣಿಯನ್ ಮೊಣಕಾಲಿನ ಎಸಿಎಲ್ ಹರಿದುಕೊಂಡರು. ಆ ಇಡೀ ಸೀಸನ್ ಅವರ ಪಾಲಿಗೆ ಮುಗಿಯಿತು. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್ ಕೂಡ ತಪ್ಪಿತು. 2019ರ ಏಷ್ಯನ್ ಕಪ್‌ನಲ್ಲಿ ಆಡಿ, ಥಾಯ್ಲೆಂಡನ್ನು 4-1ರಿಂದ ಸೋಲಿಸಿದ ತಂಡದಲ್ಲಿದ್ದ ಆಟಗಾರನಿಗೆ ಇದು ಸಣ್ಣ ನಷ್ಟವಲ್ಲ.

ಆಶಿಕ್ ನಮ್ಮವರಿಗೆ ಪರಿಚಿತ ಹೆಸರು. 2019ರಿಂದ 2022ರವರೆಗೆ ಅವರು ಬೆಂಗಳೂರು ಎಫ್‌ಸಿ ಅಂಗಿ ತೊಟ್ಟವರು. ಹೊಸೂರಿನಿಂದ ಬೆಂಗಳೂರಿಗೆ ನಲವತ್ತು ಕಿಲೋಮೀಟರ್, ಬಸ್ಸು ಹಿಡಿದರೆ ಕಂಠೀರವ ಕ್ರೀಡಾಂಗಣ ದೂರವೇನಲ್ಲ. ಇಲ್ಲಿ ಬೇಕರಿ, ಹಣ್ಣು, ಹೋಟೆಲು, ಬಟ್ಟೆ ವ್ಯಾಪಾರದಲ್ಲಿರುವ ಮಂಗಳೂರು, ಕಾಸರಗೋಡು ಕಡೆಯ ಹುಡುಗರಿಗೆ ಬಿಎಫ್‌ಸಿ ಅಂದರೆ ಮನೆಯ ತಂಡ ಇದ್ದ ಹಾಗೆ. ಅಂಥ ಆಟಗಾರ ಗಾಯಗೊಂಡಾಗ ನಾವು ಮೊಬೈಲಿನಲ್ಲಿ ಸುದ್ದಿ ಓದಿ, ‘ಪಾಪ’ ಅಂದು ಮುಂದೆ ಹೋದೆವು. ಅವರು ವಾಪಸ್ ಬಂದದ್ದು ಹೇಗೆ ಎಂದು ಕೇಳಿದವರು ಕಡಿಮೆ.

ಇದು ಈಗ ನಮ್ಮ ಮನೆಗಳ ಪ್ರಶ್ನೆಯೂ ಹೌದು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ಗಳು ಹೊಸೂರು, ಕೃಷ್ಣಗಿರಿಯಲ್ಲೂ ಇವೆ, ಊರ ಕಡೆಯಲ್ಲೂ ಇವೆ. ವಾರವಿಡೀ ಅಂಗಡಿಯಲ್ಲಿ ನಿಂತು, ಭಾನುವಾರ ರಾತ್ರಿ ಒಮ್ಮೆಲೇ ಒಂದೂವರೆ ಗಂಟೆ ಓಡುವ ಹುಡುಗರಿದ್ದಾರೆ. ಇವರಲ್ಲಿ ಯಾರದ್ದಾದರೂ ‘ಲಿಗಮೆಂಟ್ ಹೋಗಿದೆ’ ಎಂಬ ಮಾತು ಕೇಳುವುದು ಈಗ ಅಪರೂಪವಲ್ಲ. ಹೀಗಾದಾಗ ಮಾಡಬೇಕಾದದ್ದೇನು, ಮಾಡಬಾರದ್ದೇನು ಎಂಬುದನ್ನು ಇಲ್ಲಿ ಒಂದೇ ಕಡೆ ಕೊಟ್ಟಿದೆ.

ಎಸಿಎಲ್ ಅಂದರೆ ಏನು?

ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆ ಸೇರುವ ಜಾಗವೇ ಮೊಣಕಾಲಿನ ಗಂಟು. ಈ ಎರಡನ್ನೂ ಹಿಡಿದಿಡುವುದು ನಾಲ್ಕು ಮುಖ್ಯ ಲಿಗಮೆಂಟ್‌ಗಳು. ಲಿಗಮೆಂಟ್ ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿದ ಗಟ್ಟಿ ನಾರಿನ ಹಗ್ಗ. ಒಳಬದಿಗೆ ಒಂದು, ಹೊರಬದಿಗೆ ಒಂದು, ಗಂಟಿನ ನಡುವೆ ಕತ್ತರಿಯಂತೆ ಅಡ್ಡ ಹಾಯ್ದ ಎರಡು. ನಡುವಿನ ಈ ಎರಡರಲ್ಲಿ ಮುಂದಿನದೇ ಎಸಿಎಲ್. ಉದ್ದ ಸುಮಾರು 3 ಸೆಂಟಿಮೀಟರ್, ದಪ್ಪ ಕಿರುಬೆರಳಿನಷ್ಟು.

ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ಕಾಲು ತಿರುಗಿಸುವಾಗ ಗಂಟು ಕಳಚದಂತೆ ತಡೆಯುವುದು ಇದರ ಕೆಲಸ. ನೇರ ನಡೆಯಲು ಇದರ ಅಗತ್ಯ ಅಷ್ಟಿಲ್ಲ. ಓಡುತ್ತಾ ಓಡುತ್ತಾ ತಟ್ಟನೆ ದಿಕ್ಕು ಬದಲಿಸಲು, ಹೆಡ್ ಮಾಡಿ ಕೆಳಗೆ ಇಳಿಯಲು ಇದು ಬೇಕೇ ಬೇಕು. ಈ ವ್ಯತ್ಯಾಸ ನೆನಪಿಡಿ. ಮುಂದೆ ಹೇಳುವ ದೊಡ್ಡ ಮೋಸ ಇರುವುದು ಇಲ್ಲೇ.

ಎರಡು ಮೂಳೆಗಳ ನಡುವೆ ಮೆತ್ತೆಯಂತೆ ಇರುವ ಎರಡು ಅರ್ಧಚಂದ್ರಾಕಾರದ ತುಂಡುಗಳಿಗೆ ಮೆನಿಸ್ಕಸ್ ಎನ್ನುತ್ತಾರೆ. ಎಸಿಎಲ್ ಹರಿಯುವಾಗ ಅನೇಕ ಸಲ ಇದೂ ಜೊತೆಗೆ ಹರಿಯುತ್ತದೆ.

ಹೆಚ್ಚಿನವರು ‘ಯಾರೋ ಒದ್ದ ಕಾರಣ ಹೋಯಿತು’ ಅಂದುಕೊಳ್ಳುತ್ತಾರೆ. ನಿಜ ಹಾಗಿಲ್ಲ. ಎಸಿಎಲ್ ಗಾಯಗಳಲ್ಲಿ ಹೆಚ್ಚಿನ ಪಾಲು ಮೊಣಕಾಲಿಗೆ ಯಾರ ಪೆಟ್ಟೂ ಬೀಳದೆ ಆಗುವಂಥವು. ಪಾದ ನೆಲದಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿದೆ, ಮೈ ಒಂದು ಕಡೆ ತಿರುಗಿದೆ, ಮೊಣಕಾಲು ಒಳಕ್ಕೆ ವಾಲಿದೆ. ಆ ಒಂದು ಕ್ಷಣದಲ್ಲೇ ಕೆಲಸ ಕೆಡುತ್ತದೆ. ದಣಿದ ಕಾಲು, ಬಲವಿಲ್ಲದ ತೊಡೆ, ನೆಲಕ್ಕೆ ತಕ್ಕುದಲ್ಲದ ಬೂಟು, ಬಿಸಿ ಮಾಡದ ಮೈ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಹುಡುಗಿಯರಲ್ಲಿ ಈ ಅಪಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಶಾಲೆಯಲ್ಲಿ ಥ್ರೋಬಾಲ್, ಕಬಡ್ಡಿ, ಫುಟ್ಬಾಲ್ ಆಡುವ ಹೆಣ್ಣುಮಕ್ಕಳ ತಂದೆತಾಯಿಯೂ ಇದನ್ನು ತಿಳಿದಿರಬೇಕು.

ಗುರುತು ಹಿಡಿಯುವುದು ಹೇಗೆ?

ಬಿದ್ದ ಕ್ಷಣದಲ್ಲಿ ಒಳಗಿನಿಂದ ‘ಟಪ್’ ಎಂದ ಹಾಗೆ ಅನಿಸುವುದು ಮೊದಲ ಗುರುತು. ಎರಡನೆಯದು, ಒಂದೆರಡು ಗಂಟೆಯೊಳಗೆ ಗಂಟು ದೊಡ್ಡದಾಗಿ ಊದಿಕೊಳ್ಳುವುದು. ಒಳಗೆ ರಕ್ತ ತುಂಬಿದರೆ ಹೀಗಾಗುತ್ತದೆ. ಮೂರನೆಯದು, ಕಾಲು ಊರಿದಾಗ ಗಂಟು ಕೈಕೊಟ್ಟ ಹಾಗೆ, ಜಾರಿದ ಹಾಗೆ ಆಗುವುದು. ಈ ಮೂರರಲ್ಲಿ ಎರಡು ಇದ್ದರೂ ಸಾಕು, ಮೂಳೆ ಡಾಕ್ಟರಿಗೆ ತೋರಿಸಲೇಬೇಕು.

ಮೋಸ ಆಗುವುದು ಎರಡು ಮೂರು ವಾರ ಕಳೆದ ಮೇಲೆ. ಊತ ಇಳಿಯುತ್ತದೆ, ನೋವು ಹೋಗುತ್ತದೆ, ಮೆಟ್ಟಿಲು ಹತ್ತಬಹುದು, ಬೈಕು ಓಡಿಸಬಹುದು. ‘ಉಳುಕಿತ್ತು, ಸರಿಯಾಯಿತು’ ಎಂದು ಹುಡುಗ ಮತ್ತೆ ಟರ್ಫಿಗೆ ಹೋಗುತ್ತಾನೆ. ನೇರ ನಡಿಗೆಗೆ ಎಸಿಎಲ್ ಅಷ್ಟಾಗಿ ಬೇಡ ಎಂದೆವಲ್ಲ, ಅದಕ್ಕೇ ಅವನಿಗೆ ಹಾಗನಿಸಿದ್ದು. ಮೊದಲ ಸಲ ತಿರುಗಿದಾಗಲೇ ಗಂಟು ಮತ್ತೆ ಜಾರುತ್ತದೆ, ಈ ಸಲ ಮೆನಿಸ್ಕಸ್ ಕೂಡ ಹರಿಯುತ್ತದೆ. ಹೀಗೆ ನಾಲ್ಕು ಸಲ ಆದರೆ ಗಂಟಿನ ಒಳಗಿನ ನುಣುಪು ಸವೆದು, ನಲವತ್ತರ ವಯಸ್ಸಿಗೇ ಮುದುಕರ ಮೊಣಕಾಲು ನೋವು ಬರಬಹುದು.

ಮೊದಲ ಎರಡು ದಿನ

ಆಟ ಅಲ್ಲೇ ನಿಲ್ಲಿಸಿ. ‘ಐದು ನಿಮಿಷ ಕೂತು ನೋಡ್ತೇನೆ’ ಎನ್ನುವುದು ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಕೆಲವು ಗಂಟೆಗೊಮ್ಮೆ ಮತ್ತೆ ಮಾಡಿ. ಕ್ರೇಪ್ ಬ್ಯಾಂಡೇಜ್ ಹದವಾಗಿ ಸುತ್ತಿ, ಮಲಗಿದಾಗ ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಡಿ. ಎಣ್ಣೆ ಹಾಕಿ ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು, ಯಾರಾದರೂ ಎಳೆದು ‘ಸರಿ ಮಾಡುವುದು’ ಈಗ ಬೇಡವೇ ಬೇಡ.

ನಮ್ಮ ಕಡೆ ಕೈಕಾಲಿಗೆ ಏನೇ ಆದರೂ ‘ಪುತ್ತೂರು ಕಟ್ಟು’ ಹಾಕಿಸುವ ಅಭ್ಯಾಸ ಇದೆ. ದಕ್ಷಿಣ ಕನ್ನಡದವರು ಗೊಂದಲ ಮಾಡಿಕೊಳ್ಳಬೇಡಿ, ಇದು ನಮ್ಮ ಪುತ್ತೂರಲ್ಲ, ಆಂಧ್ರದ ಪುತ್ತೂರು. ಅದರ ಬಗ್ಗೆ ಜನರಿಗೆ ನಂಬಿಕೆ ಇರಬಹುದು. ಆದರೆ ಹರಿದ ಎಸಿಎಲ್‌ಗೆ ಹೊರಗಿನ ಕಟ್ಟು ತಾಗುವುದೇ ಇಲ್ಲ. ಅದು ಇರುವುದು ಗಂಟಿನ ನಟ್ಟನಡುವೆ, ದ್ರವದ ಮಧ್ಯೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ನಿಲ್ಲದ ಕಾರಣ ತುದಿಗಳು ಮೂಳೆಯ ಹಾಗೆ ತಾವಾಗಿ ಕೂಡಿಕೊಳ್ಳುವುದು ಕಷ್ಟ. ಮೇಲಾಗಿ, ವಾರಗಟ್ಟಲೆ ಬಿಗಿದು ಕಟ್ಟಿದರೆ ಗಂಟು ಗಟ್ಟಿಯಾಗಿ, ತೊಡೆ ಸೊರಗಿ, ಮುಂದಿನ ಚಿಕಿತ್ಸೆಯೇ ತಡವಾಗುತ್ತದೆ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಆದ್ದರಿಂದ ‘ಎಕ್ಸ್‌ರೇ ನಾರ್ಮಲ್’ ಎಂದರೆ ‘ಮೊಣಕಾಲು ನಾರ್ಮಲ್’ ಎಂದು ಅರ್ಥವಲ್ಲ. ಅನುಭವಿ ಡಾಕ್ಟರು ಮೊಣಕಾಲನ್ನು ಸ್ವಲ್ಪ ಮಡಚಿ, ಕಣಕಾಲನ್ನು ಮುಂದಕ್ಕೆ ಎಳೆದು ನೋಡಿಯೇ ಬಹಳಷ್ಟು ಹೇಳಬಲ್ಲರು. ಇದಕ್ಕೆ ಲ್ಯಾಕ್‌ಮನ್ ಟೆಸ್ಟ್ ಎನ್ನುತ್ತಾರೆ. ಮೆನಿಸ್ಕಸ್ ಸ್ಥಿತಿ ಸೇರಿ ಪೂರ್ತಿ ಚಿತ್ರ ಸಿಗಲು ಎಂಆರ್‌ಐ ಬೇಕು.

ಪಾದ ತಣ್ಣಗಾಗಿದೆ, ಜೋಮು ಹಿಡಿದಿದೆ, ಗಂಟು ಸಿಕ್ಕಿಬಿದ್ದು ಬಿಡಿಸಲಾಗುತ್ತಿಲ್ಲ, ಕಾಲು ಊರಲು ಆಗುವುದೇ ಇಲ್ಲ ಎಂದಾದರೆ ಮರುದಿನಕ್ಕೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಎಲ್ಲರಿಗೂ ಆಪರೇಷನ್ ಬೇಕೇ?

ಬೇಡ. ಸ್ವೀಡನ್‌ನಲ್ಲಿ 121 ಮಂದಿ ಯುವಕ ಯುವತಿಯರನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಆಪರೇಷನ್ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯ ಬಿದ್ದರೆ ಮಾತ್ರ ಆಪರೇಷನ್. ಎರಡು ವರ್ಷದ ನಂತರ ನೋವು, ಓಡಾಟ, ಜೀವನಮಟ್ಟದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದವು. ಎರಡನೇ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿಗೆ ಆಪರೇಷನ್ ಬೇಕಾಗಿರಲಿಲ್ಲ.

ಅಂದರೆ ಅಂಗಡಿ ಕೆಲಸ, ನಡಿಗೆ, ಸೈಕಲ್, ಈಜು ಇಷ್ಟೇ ಸಾಕು ಎನ್ನುವವರು ಫಿಸಿಯೋಥೆರಪಿ ಮಾಡಿ, ತೊಡೆ ಗಟ್ಟಿ ಮಾಡಿಕೊಂಡು ಬದುಕಬಹುದು. ಗಂಟು ಪದೇ ಪದೇ ಜಾರುವವರಿಗೆ, ರಿಪೇರಿ ಮಾಡಬೇಕಾದ ಮೆನಿಸ್ಕಸ್ ಇರುವವರಿಗೆ, ಮತ್ತೆ ಫುಟ್ಬಾಲ್, ಕಬಡ್ಡಿ ಆಡಲೇಬೇಕು ಎನ್ನುವವರಿಗೆ ಸಾಮಾನ್ಯವಾಗಿ ಆಪರೇಷನ್ ಹೇಳುತ್ತಾರೆ. ತೀರ್ಮಾನ ಡಾಕ್ಟರ ಜೊತೆ ಕೂತು ಮಾಡಬೇಕಾದದ್ದು. ‘ನಾನು ಮುಂದೆ ಏನು ಮಾಡಬೇಕೆಂದಿದ್ದೇನೆ’ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ.

ಆಪರೇಷನ್‌ನಲ್ಲಿ ಹರಿದದ್ದನ್ನು ಹೊಲಿಯುತ್ತಾರೆ ಎಂದು ಹಲವರ ಕಲ್ಪನೆ. ಸಾಮಾನ್ಯವಾಗಿ ಮಾಡುವುದು ಹೊಸದನ್ನು ಕಟ್ಟುವುದು. ರೋಗಿಯದ್ದೇ ತೊಡೆ ಹಿಂಭಾಗದ ಸ್ನಾಯುರಜ್ಜು, ಅಥವಾ ಮೊಣಕಾಲ ಚಿಪ್ಪಿನ ಕೆಳಗಿನ ಇಲ್ಲವೇ ಮೇಲಿನ ಸ್ನಾಯುರಜ್ಜಿನ ಒಂದು ಪಟ್ಟಿ ತೆಗೆದು, ಸಣ್ಣ ತೂತಿನ ಮೂಲಕ ಕ್ಯಾಮೆರಾ ಇಳಿಸಿ, ಎರಡೂ ಮೂಳೆಯಲ್ಲಿ ದಾರಿ ಕೊರೆದು, ಅದನ್ನು ಸ್ಕ್ರೂ ಅಥವಾ ಬಟನ್‌ನಿಂದ ಬಿಗಿಯುತ್ತಾರೆ. ಈ ಪಟ್ಟಿಗೆ ಗ್ರಾಫ್ಟ್ ಎನ್ನುತ್ತಾರೆ. ಊತ ಇಳಿದು, ಕಾಲು ಪೂರ್ತಿ ನೇರವಾಗುವವರೆಗೆ ಕೆಲವು ವಾರ ಕಾದು ಆಪರೇಷನ್ ಮಾಡುವುದು ರೂಢಿ. ಕಾಯಲು ಹೇಳಿದರೆ ಡಾಕ್ಟರು ಸತಾಯಿಸುತ್ತಿದ್ದಾರೆ ಎಂದುಕೊಳ್ಳಬೇಡಿ.

ಒಂಬತ್ತು ತಿಂಗಳ ಲೆಕ್ಕ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ: ಆಪರೇಷನ್ ಒಂದೆರಡು ಗಂಟೆಯ ಕೆಲಸ, ವಾಸಿಯಾಗುವುದು ಒಂಬತ್ತು ತಿಂಗಳ ಕೆಲಸ.

ಒಳಗೆ ಕೂರಿಸಿದ ಗ್ರಾಫ್ಟ್‌ಗೆ ಮೊದಲಿಗೆ ರಕ್ತ ಸಂಚಾರವಿಲ್ಲ. ನಿಧಾನವಾಗಿ ಅದರಲ್ಲಿ ರಕ್ತನಾಳ ಬೆಳೆದು, ಅದು ಲಿಗಮೆಂಟ್ ಆಗಿ ಮಾರ್ಪಡಬೇಕು. ವಿಚಿತ್ರ ಏನೆಂದರೆ, ಈ ಬದಲಾವಣೆಯ ನಡುವೆ, ಸುಮಾರು ಎರಡು ಮೂರು ತಿಂಗಳ ಹೊತ್ತಿಗೆ, ಗ್ರಾಫ್ಟ್ ಅತ್ಯಂತ ದುರ್ಬಲವಾಗಿರುತ್ತದೆ. ಹೊರಗೆ ನೋವು ಹೋಗಿ ‘ಫುಲ್ ಓಕೆ’ ಅನಿಸುವ ಸಮಯವೂ ಅದೇ.

ಸಾಮಾನ್ಯವಾಗಿ ಹಂತಗಳು ಹೀಗಿರುತ್ತವೆ. ಮೆನಿಸ್ಕಸ್ ಹೊಲಿದಿದ್ದರೆ ಇನ್ನೂ ನಿಧಾನ.

ಮೊದಲ ಎರಡು ವಾರ: ಊತ ಇಳಿಸುವುದು, ಕಾಲನ್ನು ಪೂರ್ತಿ ನೇರ ಮಾಡುವುದು, ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿದು ಎಬ್ಬಿಸುವುದು. ಊರುಗೋಲು ಬೇಕು. ಕಾಲು ನೇರವಾಗದೆ ಉಳಿದರೆ ಮುಂದೆ ಕುಂಟು ಉಳಿಯುತ್ತದೆ, ಆದ್ದರಿಂದ ಮೊಣಕಾಲ ಕೆಳಗೆ ದಿಂಬಿಟ್ಟು ಮಲಗುವ ಅಭ್ಯಾಸ ಬೇಡ.

ಎರಡನೇ ವಾರದಿಂದ ಮೂರನೇ ತಿಂಗಳವರೆಗೆ: ಸಹಜ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್, ಅರ್ಧ ಬೈಠಕ್, ಒಂಟಿ ಕಾಲಿನಲ್ಲಿ ನಿಂತು ತೂಕ ಹಿಡಿಯುವುದು.

ಮೂರರಿಂದ ಆರನೇ ತಿಂಗಳು: ತೊಡೆಗೆ ಬಲ ಬಂದಿದ್ದರೆ ಮಾತ್ರ ನೇರ ಓಟ. ಜಿಮ್‌ನಲ್ಲಿ ತೂಕ ಏರಿಸುತ್ತಾ ಹೋಗುವುದು. ಎರಡು ಕಾಲಿನಲ್ಲಿ ಸಣ್ಣ ಜಿಗಿತ.

ಆರರಿಂದ ಒಂಬತ್ತನೇ ತಿಂಗಳು: ಒಂಟಿ ಕಾಲಿನ ಜಿಗಿತ, ದಿಕ್ಕು ಬದಲಿಸುವ ಓಟ, ಬಾಲಿನ ಜೊತೆ ಒಬ್ಬನೇ ಅಭ್ಯಾಸ, ನಂತರ ಟ್ಯಾಕಲ್ ಇಲ್ಲದ ಅಭ್ಯಾಸ.

ಒಂಬತ್ತು ತಿಂಗಳ ನಂತರ: ಪರೀಕ್ಷೆ ಪಾಸಾದರೆ ಮಾತ್ರ ಪಂದ್ಯ.

ಪರೀಕ್ಷೆ ಎಂದರೆ ಆಪರೇಷನ್ ಆದ ಕಾಲಿನ ಬಲ ಮತ್ತು ಜಿಗಿತ, ಒಳ್ಳೆಯ ಕಾಲಿನ ಕನಿಷ್ಠ 90 ಶೇಕಡಾ ಇರಬೇಕು. ಇದು ಬಾಯಿ ಮಾತಿನ ಲೆಕ್ಕವಲ್ಲ. ನಾರ್ವೆ ಮತ್ತು ಅಮೆರಿಕದ ತಜ್ಞರು 106 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆ ಪಾಸಾಗದೆ ಆಟಕ್ಕೆ ಮರಳಿದವರಲ್ಲಿ 38.2 ಶೇಕಡಾ ಮಂದಿ ಮತ್ತೆ ಮೊಣಕಾಲು ಗಾಯ ಮಾಡಿಕೊಂಡರು. ಪಾಸಾಗಿ ಮರಳಿದವರಲ್ಲಿ ಅದು 5.6 ಶೇಕಡಾ ಮಾತ್ರ. ಒಂಬತ್ತು ತಿಂಗಳು ತುಂಬುವವರೆಗೆ ಒಂದೊಂದು ತಿಂಗಳು ಕಾದಂತೆ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತಾ ಹೋಯಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಒಂದು ತಿಂಗಳ ತಾಳ್ಮೆಗೆ ಇಷ್ಟು ಲಾಭ ಕೊಡುವ ಹೂಡಿಕೆ ಬೇರೆ ಎಲ್ಲೂ ಸಿಗದು.

ದೊಡ್ಡ ಆಟಗಾರರಿಗೆ ಎಷ್ಟು ಕಾಲ ಬೇಕಾಯಿತು?

ಆಶಿಕ್ 2023-24ರ ಸೀಸನನ್ನೇ ಬಿಟ್ಟುಕೊಟ್ಟರು. 2024-25ರಲ್ಲಿ ಮತ್ತೆ ಮೋಹನ್ ಬಗಾನ್ ಪರ ಆಡಿದರು. ಆ ಸಲ ಮೋಹನ್ ಬಗಾನ್ ಐಎಸ್‌ಎಲ್ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದಿತು. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಸೋತದ್ದು ನಮ್ಮ ಬೆಂಗಳೂರು ಎಫ್‌ಸಿಯೇ, 2-1ರಿಂದ. ಅದೇ ವರ್ಷ ಜೂನ್‌ನಲ್ಲಿ ಆಶಿಕ್ ಮತ್ತೆ ಭಾರತದ ಅಂಗಿ ತೊಟ್ಟರು. ಆಮೇಲೆ ಬೆಂಗಳೂರು ಎಫ್‌ಸಿಗೇ ಮರಳಿ ಬಂದರು.

ಡಿಫೆಂಡರ್ ಸಂದೇಶ್ ಜಿಂಗನ್ 2019ರ ಅಕ್ಟೋಬರ್‌ನಲ್ಲಿ ಗುವಾಹಟಿಯ ಒಂದು ಅಭ್ಯಾಸ ಪಂದ್ಯದಲ್ಲಿ ಎಸಿಎಲ್ ಹರಿದುಕೊಂಡರು. ಬಾಂಗ್ಲಾದೇಶ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಕೆಲವೇ ದಿನ ಉಳಿದಿತ್ತು. 2019-20ರ ಸೀಸನ್ ಪೂರ್ತಿ ಹೋಯಿತು, ನಡುವೆ ಕೊರೋನಾ ಬಂತು. ಅವರು ಮತ್ತೆ ಐಎಸ್‌ಎಲ್ ಆಡಿದ್ದು 2020ರ ನವೆಂಬರ್‌ನಲ್ಲಿ, ಹದಿಮೂರು ತಿಂಗಳ ಮೇಲೆ. 2021ರ ಮಾರ್ಚ್‌ನಲ್ಲಿ ದುಬೈಯಲ್ಲಿ ಒಮಾನ್ ವಿರುದ್ಧ ಭಾರತದ ನಾಯಕನಾದರು, ಆ ಸಾಲಿನ ಎಐಎಫ್‌ಎಫ್ ವರ್ಷದ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. 2022ರಲ್ಲಿ ಬೆಂಗಳೂರು ಎಫ್‌ಸಿ ಸೇರಿ ಡ್ಯುರಾಂಡ್ ಕಪ್ ಎತ್ತಿದರು.

ಬ್ರೆಜಿಲ್ ಅಭಿಮಾನಿಗಳಿಗೆ ನೇಮರ್ ಕತೆ ಗೊತ್ತು. 2023ರ ಅಕ್ಟೋಬರ್ 17ರಂದು ಉರುಗ್ವೆ ವಿರುದ್ಧ ಎಡ ಮೊಣಕಾಲಿನ ಎಸಿಎಲ್ ಮತ್ತು ಮೆನಿಸ್ಕಸ್ ಎರಡೂ ಹರಿದವು. ಸೌದಿಯ ಅಲ್ ಹಿಲಾಲ್ ಪರ ಮತ್ತೆ ಮೈದಾನಕ್ಕೆ ಇಳಿದದ್ದು 2024ರ ಅಕ್ಟೋಬರ್ 21ರಂದು, ಒಂದು ವರ್ಷ ದಾಟಿದ ಮೇಲೆ. ಎರಡು ವಾರದಲ್ಲಿ ತೊಡೆಯ ಸ್ನಾಯು ಎಳೆದು ಮತ್ತೆ ಹೊರಗೆ. 2025ರ ಜನವರಿಯಲ್ಲಿ ಕ್ಲಬ್ ಜೊತೆಗಿನ ಒಪ್ಪಂದವೇ ಮುಗಿಯಿತು. ಜಗತ್ತಿನ ಅತ್ಯುತ್ತಮ ವೈದ್ಯರು ಇದ್ದರೂ ಒಂದು ವರ್ಷದ ಬಿಡುವು ಮೈಯ ಉಳಿದ ಭಾಗದ ಮೇಲೂ ಪರಿಣಾಮ ಬೀರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಅವಸರಕ್ಕೆ ಉದಾಹರಣೆ ಬೇಕಾದರೆ ಬ್ರೆಜಿಲಿನ ಹಳೆಯ ರೊನಾಲ್ಡೊ ಇದ್ದಾರೆ. ಅವರದ್ದು ಎಸಿಎಲ್ ಅಲ್ಲ, ಚಿಪ್ಪಿನ ಕೆಳಗಿನ ಸ್ನಾಯುರಜ್ಜು. 1999ರ ನವೆಂಬರ್ 21ರಂದು ಇಂಟರ್ ಮಿಲಾನ್ ಪರ ಆಡುವಾಗ ಅದು ಭಾಗಶಃ ಹರಿಯಿತು. ಐದು ತಿಂಗಳೊಳಗೆ, 2000ದ ಏಪ್ರಿಲ್ 12ರಂದು ಲಾಝಿಯೋ ವಿರುದ್ಧ ಇಳಿದರು. ಆರೇಳು ನಿಮಿಷದಲ್ಲಿ ಅದೇ ರಜ್ಜು ಪೂರ್ತಿ ಹರಿದು ಕುಸಿದರು. ಮುಂದಿನ ಸೀಸನ್ ಪೂರ್ತಿ ಹೋಯಿತು. ಎರಡನೇ ಸಲ ಕಾದರು, ದುಡಿದರು. 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದರು, ಜರ್ಮನಿ ವಿರುದ್ಧದ ಫೈನಲ್‌ನ ಎರಡೂ ಗೋಲು ಅವರದ್ದೇ.

ಆದರೂ ಪೂರ್ತಿ ಸತ್ಯ ಹೇಳಬೇಕು. ಯುರೋಪಿನ ದೊಡ್ಡ ಕ್ಲಬ್‌ಗಳ ಆಟಗಾರರ ಮೇಲೆ ನಡೆದ ಅಧ್ಯಯನದಲ್ಲಿ, ಎಸಿಎಲ್ ಆಪರೇಷನ್ ಆದ 90 ಶೇಕಡಾಕ್ಕೂ ಹೆಚ್ಚು ಮಂದಿ ವರ್ಷದೊಳಗೆ ಮೈದಾನಕ್ಕೆ ಮರಳಿದರು. ಮೂರು ವರ್ಷದ ನಂತರವೂ ಅದೇ ಉನ್ನತ ಮಟ್ಟದಲ್ಲಿ ಆಡುತ್ತಿದ್ದವರು 65 ಶೇಕಡಾ. ಮರಳುವುದು ಒಂದು, ಉಳಿಯುವುದು ಇನ್ನೊಂದು.

ಅವರಿಗೂ ನಮಗೂ ಇರುವ ವ್ಯತ್ಯಾಸ

ಸ್ಟಾರ್ ಆಟಗಾರ ಮಲಗಿದ್ದರೂ ಅವನ ಹಿಂದೆ ಕ್ಲಬ್ ಇದೆ, ದಿನವೂ ಫಿಸಿಯೋ ಇದ್ದಾರೆ. ದೇಶದ ಪರ ಆಡುವಾಗ ಗಾಯವಾಗಿ 28 ದಿನಕ್ಕಿಂತ ಹೆಚ್ಚು ಹೊರಗುಳಿದರೆ ಕ್ಲಬ್ಬಿಗೆ ಸಂಬಳದ ನಷ್ಟ ತುಂಬಿಕೊಡುವ ಯೋಜನೆಯೇ ಫಿಫಾದಲ್ಲಿದೆ. ಒಬ್ಬ ಆಟಗಾರನ ಒಂದು ಗಾಯಕ್ಕೆ ಗರಿಷ್ಠ 75 ಲಕ್ಷ ಯೂರೋವರೆಗೆ.

ನಮ್ಮ ಹುಡುಗನ ಹಿಂದೆ ಇರುವುದು ಮನೆಯವರು ಮತ್ತು ಅಂಗಡಿ ಮಾಲೀಕರು ಮಾತ್ರ. ಹಾಗಾಗಿ ಹಣದ ಲೆಕ್ಕ ಮೊದಲೇ ತಿಳಿದಿರಬೇಕು. ಎಂಆರ್‌ಐ, ಆಪರೇಷನ್, ಸ್ಕ್ರೂ ಬಟನ್ ಇತ್ಯಾದಿ ಇಂಪ್ಲಾಂಟ್, ತಿಂಗಳುಗಟ್ಟಲೆ ಫಿಸಿಯೋ, ಕೆಲಸಕ್ಕೆ ಹೋಗದ ದಿನಗಳ ಸಂಬಳ ಹೀಗೆ ಖರ್ಚಿನ ತಲೆ ಐದು. ಹೆಚ್ಚಿನ ಮನೆಗಳಲ್ಲಿ ಸಾಲ ಸೋಲ ಮಾಡಿ ಮೊದಲ ಮೂರನ್ನು ಹೊಂದಿಸುತ್ತಾರೆ, ನಾಲ್ಕನೆಯದನ್ನು ಬಿಟ್ಟುಬಿಡುತ್ತಾರೆ. ಫಿಸಿಯೋ ಇಲ್ಲದ ಆಪರೇಷನ್ ಎಂದರೆ ಗೋಡೆ ಕಟ್ಟಿ ನೀರು ಹಾಕದೆ ಬಿಟ್ಟ ಹಾಗೆ. ದಿನವೂ ಹೋಗಲು ಆಗದಿದ್ದರೆ ವಾರಕ್ಕೊಮ್ಮೆಯಾದರೂ ಹೋಗಿ ಕಲಿತು, ಮನೆಯಲ್ಲಿ ದಿನವೂ ಮಾಡಿ.

ಹೊಸೂರು ಕಡೆ ಇರುವವರು ಈ ದಾರಿಗಳನ್ನು ವಿಚಾರಿಸಬಹುದು:

ಕಾರ್ಖಾನೆ ಅಥವಾ ದೊಡ್ಡ ಅಂಗಡಿಯಲ್ಲಿ ಕೆಲಸವಿದ್ದು ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಇರಬಹುದು. ಗಾಯ ಆಟದ ಮೈದಾನದಲ್ಲಿ ಆಗಿದ್ದರೂ ಚಿಕಿತ್ಸೆ ಸಿಗುತ್ತದೆ. ಕಂತು ಸರಿಯಾಗಿ ಕಟ್ಟಿದ್ದರೆ ಡಾಕ್ಟರ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಶೇಕಡಾ ಸಿಗುವ ಸೌಲಭ್ಯವೂ ಇದೆ. ಎಷ್ಟೋ ಮಂದಿಗೆ ತಮ್ಮ ಸಂಬಳದಿಂದ ಇಎಸ್‌ಐ ಕಡಿತ ಆಗುತ್ತಿದೆ ಎಂಬುದೇ ಗೊತ್ತಿಲ್ಲ.

ಸರಕಾರಿ ವಿಮೆಯಲ್ಲಿ ರೇಷನ್ ಕಾರ್ಡ್ ಎಲ್ಲಿಯದೋ ಯೋಜನೆ ಅಲ್ಲಿಯದು. ತಮಿಳುನಾಡಿನ ಕಾರ್ಡ್ ಇದ್ದು ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷದ ಒಳಗಿದ್ದರೆ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಕಾರ್ಡ್ ಊರಲ್ಲೇ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಲಿಗಮೆಂಟ್ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಇದರಡಿ ಆಗುತ್ತದೆ ಎಂದು ಅಡ್ಮಿಟ್ ಆಗುವ ಮೊದಲೇ ವಿಮೆ ಕೌಂಟರಿನಲ್ಲಿ ಕೇಳಿ, ಅಡ್ಮಿಟ್ ಆದ ಮೇಲೆ ಅಲ್ಲ. ಕೃಷ್ಣಗಿರಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಬೆಂಗಳೂರು ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಸರಕಾರದ ಸಂಜಯ್ ಗಾಂಧಿ ಸಂಸ್ಥೆ ಇದೆ.

ಖಾಸಗಿ ಮೆಡಿಕ್ಲೇಮ್ ಇದ್ದವರು ಒಂದು ಸೂಕ್ಷ್ಮ ಗಮನಿಸಿ. ಎಷ್ಟೋ ಪಾಲಿಸಿಗಳಲ್ಲಿ ಮೊಣಕಾಲಿನ ಕೆಲವು ಆಪರೇಷನ್‌ಗಳಿಗೆ ಎರಡು ವರ್ಷದವರೆಗೆ ಕಾಯುವ ಅವಧಿ ಇರುತ್ತದೆ, ಆದರೆ ಅಪಘಾತದಿಂದ ಆದದ್ದಕ್ಕೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಮೊದಲ ದಿನವೇ ಡಾಕ್ಟರಿಗೆ ತೋರಿಸಿ, ‘ಇಂಥ ದಿನ ಆಡುವಾಗ ಬಿದ್ದು ಗಾಯ’ ಎಂದು ಇದ್ದದ್ದನ್ನು ಇದ್ದ ಹಾಗೆ ಚೀಟಿಯಲ್ಲಿ ಬರೆಸಿಕೊಳ್ಳಿ. ಮೂರು ತಿಂಗಳು ಎಣ್ಣೆ ತಿಕ್ಕಿ ಆಮೇಲೆ ಹೋದರೆ ಅದು ಅಪಘಾತ ಎಂದು ತೋರಿಸುವುದು ಕಷ್ಟ.

ನಮಾಝ್, ಉಪವಾಸ ಮತ್ತು ದಿನದ ಕೆಲಸ

ಮೊಣಕಾಲು ಪೂರ್ತಿ ಮಡಚಿ ಕೂರುವುದು ಗಂಟಿಗೆ ಭಾರದ ಕೆಲಸ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ, ಮೆನಿಸ್ಕಸ್ ಹೊಲಿದಿದ್ದರೆ ಇನ್ನೂ ಹೆಚ್ಚು ಕಾಲ, ಡಾಕ್ಟರು ಇದನ್ನು ಬೇಡ ಎನ್ನುತ್ತಾರೆ. ಅಷ್ಟು ದಿನ ಕುರ್ಚಿಯಲ್ಲಿ ಕೂತು ನಮಾಝ್ ಮಾಡಿ. ನಿಲ್ಲಲಾಗದವನು ಕೂತು, ಸುಜೂದ್ ಸಾಧ್ಯವಾಗದವನು ಬಾಗಿ ಸನ್ನೆಯಿಂದ ಮಾಡುವ ಅನುಕೂಲವನ್ನು ದೀನ್ ಕೊಟ್ಟಿದೆ. ನಿಲ್ಲುವ ಶಕ್ತಿ ಇದ್ದರೆ ಯಾವಾಗ ನಿಲ್ಲಬೇಕು, ಯಾವಾಗ ಕೂರಬೇಕು ಎಂಬ ವಿವರವನ್ನು ನಿಮ್ಮ ಉಸ್ತಾದರಲ್ಲಿ ಕೇಳಿ ತಿಳಿಯಿರಿ. ‘ಹುಡುಗ ಮನುಷ್ಯ, ಕುರ್ಚಿ ಯಾಕೆ’ ಎಂದು ಮಸೀದಿಯಲ್ಲಿ ಯಾರೂ ಅವನನ್ನು ನಾಚಿಸಬೇಡಿ. ಆಪರೇಷನ್ ರಮಝಾನ್ ಹೊತ್ತಿಗೆ ಬಂದರೆ ರೋಗಿಗೆ ಉಪವಾಸ ಮುಂದೂಡುವ ರಿಯಾಯಿತಿಯೂ ಇದೆ.

ಇಂಡಿಯನ್ ಟಾಯ್ಲೆಟ್ ಬದಲು ಕಮೋಡ್ ಬಳಸಿ, ಇಲ್ಲವಾದರೆ ಪ್ಲಾಸ್ಟಿಕ್ ಕಮೋಡ್ ಕುರ್ಚಿ ತನ್ನಿ. ಕೂತು ಮಾಡುವ ಕೆಲಸಕ್ಕೆ ಎರಡು ಮೂರು ವಾರದಲ್ಲಿ ಹೋಗಬಹುದು. ದಿನವಿಡೀ ನಿಲ್ಲುವ, ಮೂಟೆ ಎತ್ತುವ ಕೆಲಸಕ್ಕೆ ಕೆಲವು ತಿಂಗಳೇ ಬೇಕು. ಮಾಲೀಕರಾಗಿರುವ ನಮ್ಮವರು ಹುಡುಗನನ್ನು ಆ ಸಮಯದಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರಿಸಿದರೆ ಅವನ ಕೆಲಸವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ. ಮೀನಖಂಡದಲ್ಲಿ ಜೋರು ನೋವು ಊತ, ಜ್ವರ, ಗಾಯದಲ್ಲಿ ಕೆಂಪು ಅಥವಾ ಕೀವು, ಉಸಿರಾಟಕ್ಕೆ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮನಸ್ಸಿನ ವಿಷಯವನ್ನೂ ಮರೆಯಬೇಡಿ. ಗೆಳೆಯರೆಲ್ಲ ಆಡಲು ಹೋದಾಗ ಒಬ್ಬನೇ ಕೋಣೆಯಲ್ಲಿ ಇರುವುದು ಸುಲಭವಲ್ಲ. ಕಾಲು ವಾಸಿಯಾದರೂ ‘ಮತ್ತೆ ಹರಿದರೆ’ ಎಂಬ ಭಯದಿಂದ ಆಟ ಬಿಡುವವರು ಬಹಳ. ಅವನನ್ನು ಸ್ಕೋರ್ ಬರೆಯಲು, ಸಣ್ಣ ಮಕ್ಕಳಿಗೆ ಹೇಳಿಕೊಡಲು ಕರೆದುಕೊಂಡು ಹೋಗಿ. ಆಡಲು ಮಾತ್ರ ಒತ್ತಾಯ ಮಾಡಬೇಡಿ.

ಹರಿಯದಂತೆ ನೋಡಿಕೊಳ್ಳುವುದು

‘11 ಪ್ಲಸ್’ ಎಂಬ ವಾರ್ಮ್ ಅಪ್ ಕ್ರಮವನ್ನು ಫಿಫಾದ ವೈದ್ಯಕೀಯ ವಿಭಾಗ 2006ರಲ್ಲಿ ರೂಪಿಸಿತು. ಹದಿನೈದು ವ್ಯಾಯಾಮ, ಇಪ್ಪತ್ತು ನಿಮಿಷ, ಬಾಲ್ ಬಿಟ್ಟರೆ ಬೇರೆ ಸಾಮಾನು ಬೇಡ. ನಿಧಾನ ಓಟ, ಹೊಟ್ಟೆ ತೊಡೆಗೆ ಬಲ ಕೊಡುವ ವ್ಯಾಯಾಮ, ಒಂಟಿ ಕಾಲಿನ ನಿಲುವು, ಮೊಣಕಾಲು ಒಳಕ್ಕೆ ವಾಲದಂತೆ ಜಿಗಿದು ಇಳಿಯುವ ಅಭ್ಯಾಸ, ಕೊನೆಗೆ ವೇಗದ ಓಟ. ಅಮೆರಿಕದ ಕಾಲೇಜು ತಂಡಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಮಾಡಿದ ತಂಡಗಳಲ್ಲಿ ಎಸಿಎಲ್ ಗಾಯ ಮುಕ್ಕಾಲು ಪಾಲು ಕಡಿಮೆಯಾಯಿತು. ವಿಡಿಯೋಗಳು ಉಚಿತವಾಗಿ ಸಿಗುತ್ತವೆ. ಟರ್ಫ್ ಬಾಡಿಗೆ ಶುರುವಾಗುವ ಮೊದಲೇ ಹೊರಗೆ ನಿಂತು ಮಾಡಿದರೆ ಒಂದು ರೂಪಾಯಿಯೂ ಖರ್ಚಿಲ್ಲ.

ಟರ್ಫ್ ಮೇಲೆ ಉದ್ದ ಮುಳ್ಳಿನ ಬೂಟು ಬೇಡ, ಅದು ನೆಲ ಕಚ್ಚಿಕೊಳ್ಳುತ್ತದೆ. ಚಿಕ್ಕ ರಬ್ಬರ್ ಮೊಳಕೆಗಳ ಟರ್ಫ್ ಶೂ ಸಾಕು. ದಿನವಿಡೀ ನಿಂತು ದಣಿದ ಮೇಲೆ ಮಧ್ಯರಾತ್ರಿ ಸತತ ಮೂರು ಮ್ಯಾಚ್ ಆಡುವ ಹಠ ಬೇಡ.

ಇನ್ನು ಟೂರ್ನಿ ಮಾಡುವ ಕ್ಲಬ್, ಕಮಿಟಿಗಳಿಗೆ ಒಂದು ಮಾತು. ಟ್ರೋಫಿ, ಲೈಟು, ಫ್ಲೆಕ್ಸ್, ಮುಖ್ಯ ಅತಿಥಿಗೆ ಶಾಲು ಇವೆಲ್ಲದಕ್ಕೆ ಬಜೆಟ್ ಇರುತ್ತದೆ. ಅದರಲ್ಲೇ ಒಂದು ಪಾಲು ತೆಗೆದು ಮೈದಾನದಲ್ಲಿ ಐಸ್, ಸ್ಟ್ರೆಚರ್, ಒಂದು ಗಾಡಿ ಇಡಿ. ಆಟಗಾರರ ಹೆಸರಲ್ಲಿ ಗುಂಪು ಅಪಘಾತ ವಿಮೆ ಮಾಡಿಸಲು ಸಾಧ್ಯವೇ ಎಂದು ಏಜೆಂಟರಲ್ಲಿ ಕೇಳಿ, ಆಸ್ಪತ್ರೆ ಖರ್ಚು ಅದರಲ್ಲಿ ಸೇರಿದೆಯೇ ಎಂದೂ ನೋಡಿ. ಎಂಟ್ರಿ ಫೀಸಿನ ಒಂದು ಭಾಗವನ್ನು ಗಾಯಗೊಂಡವನ ಫಿಸಿಯೋಗೆಂದು ಬೇರೆ ತೆಗೆದಿಡಿ. ಆಶಿಕ್ ಕುರುಣಿಯನ್ ಬಿದ್ದಾಗ ಅವರ ಹಿಂದೆ ಒಂದು ಕ್ಲಬ್ ನಿಂತಿತ್ತು. ನಮ್ಮ ಜರ್ಸಿ ಹಾಕಿ ಬಿದ್ದ ಹುಡುಗನ ಹಿಂದೆ ನಾವೇ ನಿಲ್ಲಬೇಕು, ಬಿದ್ದ ರಾತ್ರಿ ಮಾತ್ರವಲ್ಲ, ಒಂಬತ್ತು ತಿಂಗಳೂ.